ಗೋಡೆಗೆ ಬಣ್ಣ ಬಳಿದರೆ ರೋಗಿ ಎದ್ದು ನಡೀತಾರಾ?

ಕಳೆದ ಸಂಚಿಕೆಯಲ್ಲಿ ಆಸ್ಪತ್ರೆಗಳ ಮೆಟ್ಟಿಲು, ಕಾರಿಡಾರುಗಳಲ್ಲಿ ಜನರನ್ನು ನಡೆಸುವಂಥ ಕಲಾಕೃತಿಗಳನ್ನು ಮಾಡುತ್ತಿದ್ದಾರೆ ಅಂತ ನಾಲ್ಕು ಸಾಲು ಬರೆದಿದ್ದೆ. ತುಳಿದರೆ ಹಾಡುವ ಮೆಟ್ಟಿಲು, ಹತ್ತಿರ ಹೋದರೆ ಗೋಡೆಯ ಮೇಲೆ ಓಡುವ ಜಿಂಕೆ, ಇಂಥವು. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧ ಪ್ರಶ್ನೆ, ಅರ್ಧ ಬೈಗುಳ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ನಾನು ಒಂದು ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿದ್ದೇನೆ. ಪಿಯಾನೋ ಮೆಟ್ಟಿಲಿನ ವಿಡಿಯೋ ನೋಡಿದ ಮೇಲೆ ನಮ್ಮ ಸದಸ್ಯರೆಲ್ಲ ಅದೇ ಬೇಕು ಅಂತ ಪಟ್ಟು ಹಿಡಿದು ಕೂತಿದ್ದಾರೆ. ಐದು ಮಹಡಿಯ ಕಟ್ಟಡ, ಲಿಫ್ಟ್ ಮುಂದೆ ಯಾವಾಗಲೂ ಸಾಲು. ಹಾಕಿಸಬಹುದಾ?

ಉತ್ತರ: ಹಾಕಿಸುವ ಮುಂಚೆ ಆ ವಿಡಿಯೋ ಎಲ್ಲಿಂದ ಬಂತು ನೋಡಿ. 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಓಡೆನ್‌ಪ್ಲಾನ್ ಅನ್ನೋ ಮೆಟ್ರೋ ನಿಲ್ದಾಣದ ಮೆಟ್ಟಿಲಿಗೆ ಪಿಯಾನೋದ ಕಪ್ಪು-ಬಿಳಿ ಮನೆಗಳನ್ನು ಜೋಡಿಸಿದರು. ಮಾಡಿಸಿದ್ದು ಫೋಕ್ಸ್‌ವ್ಯಾಗನ್ ಕಾರು ಕಂಪನಿ, ಜಾಹೀರಾತಿಗಾಗಿ. ಪಕ್ಕದ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿದವರು ಮಾಮೂಲಿಗಿಂತ ಶೇ. 66ರಷ್ಟು ಜಾಸ್ತಿ ಅಂತ ಆ ವಿಡಿಯೋನೇ ಹೇಳುತ್ತದೆ. ಸುಳ್ಳು ಅನ್ನುತ್ತಿಲ್ಲ. ಆದರೆ ಅದು ಹೊಸತರ ಖುಷಿಯ ಲೆಕ್ಕ. ದಿನಾ ಅದೇ ಮೆಟ್ಟಿಲು ಹತ್ತುವ ನರ್ಸಿಗೆ, ಲ್ಯಾಬ್ ಹುಡುಗನಿಗೆ ಮೂರನೇ ತಿಂಗಳಲ್ಲೂ ಆ ಸದ್ದು ಇಷ್ಟ ಆಗುತ್ತಾ ಅನ್ನೋದು ನಿಮಗೆ ಬೇಕಾದ ಪ್ರಶ್ನೆ, ಅದಕ್ಕೆ ಆ ವಿಡಿಯೋದಲ್ಲಿ ಉತ್ತರ ಇಲ್ಲ.

ಜಾಹೀರಾತು ಬಿಟ್ಟು ಅಳತೆ ಮಾಡಿ ನೋಡಿದವರ ಲೆಕ್ಕ ಇದಕ್ಕಿಂತ ಸಪ್ಪೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದ ಕಟ್ಟಡದಲ್ಲಿ ಮೊದಲು ‘ಮೆಟ್ಟಿಲು ಹತ್ತಿ’ ಅನ್ನೋ ಥರದ ಬರೀ ಫಲಕ ಹಾಕಿ ಎಣಿಸಿದರು, ಆಮೇಲೆ ಚಿತ್ರ ಮತ್ತು ಸಂಗೀತ ಸೇರಿಸಿ ಎಣಿಸಿದರು. 2001ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮೆಟ್ಟಿಲು ಹಿಡಿಯುವವರು ಮೊದಲು ಶೇ. 11.1 ಇದ್ದರು, ಫಲಕ ಬಂದ ಮೇಲೆ 12.7, ಚಿತ್ರ-ಸಂಗೀತ ಬಂದ ಮೇಲೆ 15.5. ಅಷ್ಟೇ. ಅಟ್ಲಾಂಟಾದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ತಮ್ಮದೇ ಕಚೇರಿಯ ಮೆಟ್ಟಿಲಿನ ಮೇಲೆ ಇದೇ ಪ್ರಯೋಗ ಮಾಡಿದರು. ಬಣ್ಣ ಮತ್ತು ಕಾರ್ಪೆಟ್, ಆಮೇಲೆ ಚೌಕಟ್ಟು ಹಾಕಿದ ಚಿತ್ರಗಳು, ಆಮೇಲೆ ಫಲಕ, ಕೊನೆಗೆ ಸಂಗೀತ, ಹೀಗೆ ಒಂದೊಂದಾಗಿ ಸೇರಿಸುತ್ತಾ ಹೋದರು. ಎದ್ದು ಕಾಣುವಂಥ ಏರಿಕೆ ಬಂದಿದ್ದು ಫಲಕ ಮತ್ತು ಸಂಗೀತದ ಹಂತದಲ್ಲಿ. ಅಂದರೆ ಸುಮ್ನೆ ಒಂದು ಚಿತ್ರ ತೂಗುಹಾಕಿ ಕೂತರೆ ಯಾರೂ ಮೆಟ್ಟಿಲು ಹತ್ತಲ್ಲ.

ಹಾಗಂತ ಬೇಡ ಅನ್ನುತ್ತಿಲ್ಲ. ನೂರಕ್ಕೆ ನಾಲ್ಕು ಜನ ಜಾಸ್ತಿ ಹತ್ತಿದರೂ ಲಿಫ್ಟ್ ಮುಂದಿನ ಸಾಲು ಅಷ್ಟು ಕರಗುತ್ತೆ, ಸ್ಟ್ರೆಚರ್ ಒಂದು ನಿಮಿಷ ಮುಂಚೆ ಮೇಲೆ ಹೋಗುತ್ತೆ. ಆದರೆ ಮೊದಲು ನಿಮ್ಮ ಕಟ್ಟಡದಲ್ಲಿ ಮೆಟ್ಟಿಲು ಎಲ್ಲಿದೆ ಅಂತ ಹೊಸಬರ ಥರ ಹುಡುಕಿ ನೋಡಿ. ಮುಕ್ಕಾಲು ಪಾಲು ಆಸ್ಪತ್ರೆಗಳಲ್ಲಿ ಲಿಫ್ಟ್ ಬಾಗಿಲು ಎದುರಿಗೇ ಹೊಳೆಯುತ್ತಿರುತ್ತೆ, ಮೆಟ್ಟಿಲು ಎಲ್ಲೋ ಮೂಲೆಯ ಭಾರವಾದ ಬಾಗಿಲ ಹಿಂದೆ, ಮಂಕು ಬೆಳಕಲ್ಲಿ, ಮುರಿದ ಕುರ್ಚಿಗಳ ಜೊತೆ. ಅಂಥ ಕಡೆ ಪಿಯಾನೋ ಇಟ್ಟರೂ ಅಷ್ಟೇ, ಸಿತಾರ್ ಇಟ್ಟರೂ ಅಷ್ಟೇ. ದೀಪ ಹಾಕಿ, ಕುರ್ಚಿ ತೆಗೆಸಿ, ಲಿಫ್ಟ್ ಗುಂಡಿಯ ಹತ್ತಿರ ನಿಂತವರಿಗೆ ಮೆಟ್ಟಿಲಿನ ಮೊದಲ ಬಣ್ಣ ಕಾಣುವ ಹಾಗೆ ಮಾಡಿ. ಕಲಾವಿದರನ್ನು ಆಮೇಲೆ ಕರೆಯಿರಿ.

ಇನ್ನು ಸದ್ದಿನ ವಿಷಯ. ವಾರ್ಡಿನೊಳಗೆ ಸದ್ದು ಸುಮಾರು 30 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತೆ. ಇಬ್ಬರು ಮಾಮೂಲಿಯಾಗಿ ಮಾತಾಡಿದರೇ 60ರ ಹತ್ತಿರ ಹೋಗುತ್ತೆ. ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಹೆಜ್ಜೆ ಇಟ್ಟರೆ ನಾದ ಬರುವ ಮೆಟ್ಟಿಲಿದೆ, ಕ್ರಿಸ್ಟೋಫರ್ ಜಾನಿ ಅನ್ನೋ ಕಲಾವಿದ ಮಾಡಿದ್ದು. ಅದು ಇರೋದು ಮುಂಬಾಗಿಲ ಹಜಾರದಲ್ಲಿ, ಹೇಗೂ ಗಲಾಟೆ ಇರುವ ಜಾಗದಲ್ಲಿ. ನಿಮ್ಮಲ್ಲೂ ಅಂಥ ಜಾಗ ಇದ್ದರೆ ಯೋಚಿಸಿ. ಐಸಿಯು ಪಕ್ಕದ ಮೆಟ್ಟಿಲಾದರೆ ಬಣ್ಣ ಸಾಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಆಸ್ಪತ್ರೆಗೆ ಹೋಗೋದೇ ಮಲಗೋಕೆ, ವಿಶ್ರಾಂತಿಗೆ. ಕಾಯಿಲೆಯವರನ್ನು ಎಬ್ಬಿಸಿ ಓಡಾಡಿಸೋದು ಯಾವ ನ್ಯಾಯ ಸ್ವಾಮಿ?

ಉತ್ತರ: ಮೇಷ್ಟ್ರೇ, ಈ ನಂಬಿಕೆ ನಮ್ಮೆಲ್ಲರಲ್ಲೂ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ 12 ಮಂದಿ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಕಾಯಿಲೆ ಏನೂ ಇಲ್ಲ, ಊಟ ಸರಿಯಾಗಿದೆ, ಬರೀ ಮಲಗಿದ್ದರು. ಹತ್ತು ದಿನಕ್ಕೆ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಕೊಬ್ಬಿಲ್ಲದ ತೂಕ, ಅಂದರೆ ಬಹುಪಾಲು ಮಾಂಸಖಂಡ, ಕರಗಿಹೋಗಿತ್ತು. ಈಗ ಜ್ವರ, ನೋವು, ಹಸಿವಿಲ್ಲದ ಹೊಟ್ಟೆ ಸೇರಿಸಿ ಲೆಕ್ಕ ಹಾಕಿ. ನ್ಯುಮೋನಿಯಾ ವಾಸಿಯಾಯ್ತು, ಆದರೆ ಮನೆಗೆ ಬಂದ ಮೇಲೆ ಬಚ್ಚಲಿಗೆ ಹೋಗೋಕೂ ಇನ್ನೊಬ್ಬರ ಭುಜ ಬೇಕು ಅನ್ನೋ ಸ್ಥಿತಿ ಬರೋದು ಹೀಗೇ. 2009ರ ಇನ್ನೊಂದು ಅಧ್ಯಯನದಲ್ಲಿ ಆಸ್ಪತ್ರೆ ಸೇರಿದ ಹಿರಿಯರ ಮೈಗೆ ಚಲನೆ ಅಳೆಯುವ ಸಾಧನ ಕಟ್ಟಿ ನೋಡಿದರು. ದಿನದ ಶೇ. 83ರಷ್ಟು ಹೊತ್ತು ಅವರು ಹಾಸಿಗೆಯಲ್ಲೇ ಇದ್ದರು. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರುವ ಮುಂಚೆ ಓಡಾಡಿಕೊಂಡಿದ್ದವರೇ.

ಯಾಕೆ ಮಲಗಿರುತ್ತಾರೆ ಅಂದರೆ ಕೇಳಿ. ಬಿದ್ದರೆ ಗತಿ ಏನು ಅಂತ ಸಿಬ್ಬಂದಿಗೆ ಭಯ, ಮನೆಯವರಿಗೆ ಅದರ ಎರಡರಷ್ಟು ಭಯ. ಕೈಗೆ ಡ್ರಿಪ್ಪು. ಎಲ್ಲಕ್ಕಿಂತ ಮುಖ್ಯವಾಗಿ, ಎದ್ದು ಹೋಗೋದಾದರೂ ಎಲ್ಲಿಗೆ? ಹಾಸಿಗೆಯಿಂದ ಇಳಿದರೆ ಉದ್ದಕ್ಕೆ ಒಂದು ಬಿಳಿ ಕಾರಿಡಾರ್, ಕೊನೆಯಲ್ಲಿ ಬೀಗ ಹಾಕಿದ ಸ್ಟೋರ್ ರೂಮ್. ಡಾಕ್ಟರು ರೌಂಡ್ಸಿಗೆ ಬಂದು ‘ಸ್ವಲ್ಪ ವಾಕ್ ಮಾಡಿ’ ಅಂತ ಹೇಳಿ ಹೋಗುತ್ತಾರೆ. ಹೋಗಿ ನೋಡೋಕೆ ಅಲ್ಲಿ ಏನಾದರೂ ಇರಬೇಕಲ್ವಾ? ಈ ಕಲಾಕೃತಿಗಳು ಮಾಡಬೇಕಾದ ಕೆಲಸ ಇಷ್ಟೇ: ಹೋಗೋಕೆ ಒಂದು ಜಾಗ, ಅಲ್ಲಿಂದ ಮುಂದಿನದಕ್ಕೆ ಒಂದು ಆಸೆ.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಜೇಸನ್ ಬ್ರೂಜಸ್ ಅವರ ಸ್ಟುಡಿಯೋ 2012ರಲ್ಲಿ ಮಾಡಿದ ಒಂದು ಕಾರಿಡಾರ್ ಇದೆ. ಆಪರೇಷನ್ ಥಿಯೇಟರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ದಾರಿ ಅದು. ಗೋಡೆಗೆ ಕಾಡಿನ ಚಿತ್ರದ ಕಾಗದ ಅಂಟಿಸಿದ್ದಾರೆ, ಅದರೊಳಗೆ ಅಲ್ಲಲ್ಲಿ ಸಣ್ಣ ಸಣ್ಣ ದೀಪಗಳ ಫಲಕಗಳು. ಮಗು ಹತ್ತಿರ ಬಂದರೆ ಮರಗಳ ಸಂದಿಯಲ್ಲಿ ಬೆಳಕಿನ ಕುದುರೆಯೋ ಜಿಂಕೆಯೋ ಕಪ್ಪೆಯೋ ಮೂಡಿ ಮುಂದಕ್ಕೆ ಸಾಗುತ್ತೆ. ಫಲಕಗಳನ್ನು ಬೇರೆ ಬೇರೆ ಎತ್ತರದಲ್ಲಿ ಕೂರಿಸಿದ್ದಾರೆ. ನಡೆಯುವ ಮಗುವಿಗೂ ಕಾಣಬೇಕು, ಟ್ರಾಲಿ ಮೇಲೆ ಮಲಗಿರೋ ಮಗುವಿಗೂ ಕಾಣಬೇಕು. ಅದನ್ನು ಮಾಡಿದ್ದು ವ್ಯಾಯಾಮಕ್ಕಲ್ಲ, ಭಯ ಮರೆಸೋಕೆ. ಆದರೂ ಒಂದು ಪ್ರಾಣಿ ಮರೆಯಾದ ಕೂಡಲೇ ಮುಂದಿನದು ಎಲ್ಲಿ ಅಂತ ಕಣ್ಣು ಹುಡುಕುತ್ತಲ್ಲ, ಕಾಲನ್ನು ಎಳೆಯೋದು ಅದೇ. ವಾರ್ಡಿನ ಕಾರಿಡಾರಿಗೂ ಇದೇ ಉಪಾಯ ನಡೆಯುತ್ತೆ, ಅದಕ್ಕೆ ದೀಪವೇ ಬೇಕು ಅಂತಿಲ್ಲ.

ಫಿಸಿಯೋಥೆರಪಿಯವರು ಆರು ನಿಮಿಷದ ನಡಿಗೆ ಪರೀಕ್ಷೆ ಅಂತ ಒಂದು ಮಾಡಿಸುತ್ತಾರೆ. 30 ಮೀಟರ್ ಉದ್ದದ ನೇರ ಕಾರಿಡಾರು, ಮೂರು ಮೀಟರಿಗೊಂದು ಗುರುತು, ರೋಗಿ ಆರು ನಿಮಿಷದಲ್ಲಿ ಎಷ್ಟು ದೂರ ನಡೆದರು ಅಂತ ಲೆಕ್ಕ. ಆ ಗುರುತು ಸಾಮಾನ್ಯವಾಗಿ ಒಂದು ತುಂಡು ಟೇಪು. ಅದರ ಬದಲು ಮೂರು ಮೀಟರಿಗೊಂದು ಹಕ್ಕಿ ಬಿಡಿಸಿದರೆ ‘ನಿನ್ನೆ ಮಿಂಚುಳ್ಳಿ ತನಕ ಹೋಗಿದ್ದೆ, ಇವತ್ತು ಕೊಕ್ಕರೆ ಮುಟ್ಟಿದೆ’ ಅಂತ ರೋಗಿಯೇ ಹೇಳಬಹುದು. ಡಾಕ್ಟರಿಗೂ ಮೀಟರಿನಲ್ಲಿ ಲೆಕ್ಕ ಸಿಗುತ್ತೆ, ಹೊಸ ಯಂತ್ರ ಏನೂ ಬೇಡ. ಒಂದು ಮಾತು, ಯಾರು ಯಾವಾಗ ಏಳಬಹುದು ಅನ್ನೋದನ್ನು ಚಿಕಿತ್ಸೆ ಕೊಡುವ ಡಾಕ್ಟರೇ ಹೇಳಬೇಕು, ನನ್ನ ಅಂಕಣ ಅಲ್ಲ.

ಪ್ರಶ್ನೆ: ನಮ್ಮ ತಂದೆಗೆ ಪಾರ್ಕಿನ್ಸನ್ಸ್ ಕಾಯಿಲೆ. ಮನೆಯಲ್ಲಿ ನಡೆಯುತ್ತಾ ನಡೆಯುತ್ತಾ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಆದರೆ ಚಿಕಿತ್ಸೆಗೆ ಹೋದ ಕಡೆ ನೆಲದ ಮೇಲೆ ಅಡ್ಡಡ್ಡ ಬಣ್ಣದ ಪಟ್ಟೆ ಬಳಿದಿದ್ದರು, ಅಲ್ಲಿ ಸಲೀಸಾಗಿ ನಡೆದರು. ನನ್ನ ಭ್ರಮೆಯಾ ಅಥವಾ ನಿಜವಾಗಿಯೂ ಇದೆಯಾ?

ಉತ್ತರ: ಭ್ರಮೆ ಅಲ್ಲಮ್ಮ. ಇದನ್ನು 1967ರಷ್ಟು ಹಿಂದೆಯೇ ಜೇಮ್ಸ್ ಪರ್ಡನ್ ಮಾರ್ಟಿನ್ ಅನ್ನೋ ಬ್ರಿಟಿಷ್ ನರರೋಗ ವೈದ್ಯರು ಬರೆದಿಟ್ಟಿದ್ದಾರೆ. ನಡೆಯುವ ದಿಕ್ಕಿಗೆ ಅಡ್ಡವಾಗಿ ಗೆರೆ ಎಳೆದರೆ ರೋಗಿ ಅದನ್ನು ದಾಟಿ ಹೆಜ್ಜೆ ಇಡುತ್ತಾರೆ. ಅದೇ ಗೆರೆಯನ್ನು ಉದ್ದಕ್ಕೆ ಎಳೆದರೆ ಅಷ್ಟು ಉಪಯೋಗ ಆಗಲ್ಲ. ಈ ಕಾಯಿಲೆಯಲ್ಲಿ ಯೋಚನೆಯಿಲ್ಲದೆ ತಾನಾಗಿಯೇ ನಡೆಯುವ ವ್ಯವಸ್ಥೆ ಕೈ ಕೊಡುತ್ತೆ. ಕಣ್ಣಿಗೆ ಒಂದು ಗುರಿ ಸಿಕ್ಕರೆ ಮಿದುಳು ಬೇರೆ ದಾರಿ ಹಿಡಿದು ಕಾಲಿಗೆ ಸುದ್ದಿ ಮುಟ್ಟಿಸುತ್ತೆ ಅಂತ ವೈದ್ಯರು ವಿವರಿಸುತ್ತಾರೆ.

ಇದನ್ನೇ ಹಿಡಿದು ಮಿಲೇಹಾ ಸೋನೇಜಿ ಅನ್ನೋ ವಿನ್ಯಾಸಕಿ ಒಂದು ಚೆಂದದ ಕೆಲಸ ಮಾಡಿದ್ದಾರೆ. ಅವರ ಚಿಕ್ಕಪ್ಪನಿಗೂ ಇದೇ ಕಾಯಿಲೆ. ಸಮತಟ್ಟು ನೆಲದ ಮೇಲೆ ತಡವರಿಸುವ ಮನುಷ್ಯ ಮೆಟ್ಟಿಲನ್ನು ಮಾತ್ರ ಆರಾಮಾಗಿ ಇಳಿಯೋದನ್ನು ಅವರು ಗಮನಿಸಿದರು. ಮೆಟ್ಟಿಲು ಮುಗಿದ ಕೂಡಲೇ ಮತ್ತೆ ತಡವರಿಕೆ. ಹಾಗಾದರೆ ಮೆಟ್ಟಿಲು ಮುಗಿಯದೇ ಇದ್ದರೆ? ನೆಲದ ಮೇಲೆ ಮೆಟ್ಟಿಲಿನ ಚಿತ್ರ ಅಂಟಿಸಿದರು, ನೋಡಿದರೆ ಮೆಟ್ಟಿಲೇ ಅನ್ನಬೇಕು, ಹಾಗೆ. ಚಿಕ್ಕಪ್ಪ ಆ ಚಿತ್ರದ ಮೇಲೆ ಹೆಜ್ಜೆ ಹಾಕುತ್ತಾ ಹೋದರು. ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಸೆನ್ಸರ್ ಇಲ್ಲ, ಕರೆಂಟ್ ಇಲ್ಲ, ಒಂದು ಚಿತ್ರ ಅಷ್ಟೇ.

ಆದರೆ ಹುಷಾರು. ಮರೆವಿನ ಕಾಯಿಲೆ ಇರುವವರಿಗೆ ಇದೇ ಚಿತ್ರ ಅಪಾಯ. ನೆಲದ ಮೇಲಿನ ಕಪ್ಪು ಪಟ್ಟೆ ಅವರಿಗೆ ಗುಂಡಿಯ ಥರ ಕಾಣಬಹುದು, ಹೊಳೆಯುವ ನೆಲ ನೀರು ಚೆಲ್ಲಿದ ಹಾಗೆ ಕಾಣಬಹುದು. ದಾಟೋಕೆ ಹೋಗಿ ಮುಗ್ಗರಿಸುತ್ತಾರೆ, ಇಲ್ಲಾ ಹೆಜ್ಜೆನೇ ಎತ್ತಲ್ಲ. ಹಾಗಾಗಿ ಎಲ್ಲರೂ ಓಡಾಡುವ ಕಾರಿಡಾರಿನಲ್ಲಿ ಕಣ್ಣು ಮೋಸಗೊಳಿಸುವ ನೆಲಚಿತ್ರ ಬೇಡವೇ ಬೇಡ. ಫಿಸಿಯೋಥೆರಪಿ ಕೋಣೆಯಲ್ಲಿ, ಪಕ್ಕದಲ್ಲಿ ಒಬ್ಬರು ನಿಂತಿರುವ ಕಡೆ ಇರಲಿ. ಮನೆಯಲ್ಲಿ ಟೇಪ್ ಅಂಟಿಸಬೇಕು ಅಂತಿದ್ದರೆ ಗೆರೆಗಳ ನಡುವೆ ಎಷ್ಟು ಅಂತರ ಬೇಕು ಅಂತ ತಂದೆಯವರ ಹೆಜ್ಜೆ ನೋಡಿ ಫಿಸಿಯೋಥೆರಪಿಸ್ಟ್ ಹೇಳಲಿ. ಅಂಚು ಎದ್ದಿರೋ ಟೇಪು ತಾನೇ ಬೀಳಿಸುತ್ತೆ, ನೋಡಿಕೊಳ್ಳಿ.

ಪ್ರಶ್ನೆ: ದುಡ್ಡಿಗೆ ದಂಡ. ಆ ಹಣಕ್ಕೆ ಔಷಧಿ ಕೊಡಿ.

ಉತ್ತರ: ಒಂದೇ ಸಾಲಿನ ಪತ್ರ, ಆದರೆ ಅರ್ಧ ಒಪ್ಪುತ್ತೇನೆ. ಔಷಧಿಯೇ ಇಲ್ಲದ ಕಡೆ ಹಾಡುವ ಮೆಟ್ಟಿಲು ಹಾಕಿ ಉದ್ಘಾಟನೆ ಮಾಡಿ ಫೋಟೋ ಹೊಡೆಸಿಕೊಂಡರೆ ನಾನೂ ನಿಮ್ಮ ಜೊತೆ ಸೇರಿ ಬೈಯುತ್ತೇನೆ. ಉಳಿದರ್ಧ ಒಪ್ಪಲ್ಲ, ಯಾಕಂದರೆ ಇಲ್ಲಿ ಆಗೋ ಕೆಲಸದ ಬಹುಪಾಲು ಅಗ್ಗದ್ದು. ಬೀಗ ತೆಗೆಯೋದು, ಬಲ್ಬ್ ಹಾಕೋದು, ಸುಸ್ತಾದವರು ಕೂರೋಕೆ ಅಲ್ಲಲ್ಲಿ ಬೆಂಚು, ದೂರ ಬರೆದ ಬಣ್ಣದ ಗುರುತು. ಲಾಭ ರೋಗಿಗೆ ಮಾತ್ರ ಅಲ್ಲ, ಸಿಬ್ಬಂದಿಗೂ ಇದೆ. ಲಿಫ್ಟಿಗೆ ಕಾಯೋದು ಬಿಟ್ಟು ಮೆಟ್ಟಿಲು ಹಿಡಿದರೆ ಕೆಲಸದ ದಿನದಲ್ಲಿ ಸುಮಾರು 15 ನಿಮಿಷ ಉಳಿಯುತ್ತೆ ಅಂತ ಕೆನಡಾದ ವೈದ್ಯರು ಆಸ್ಪತ್ರೆಯಲ್ಲೇ ಹತ್ತಿ ಇಳಿದು ಲೆಕ್ಕ ಹಾಕಿ 2011ರಲ್ಲಿ ಪ್ರಕಟಿಸಿದ್ದರು.

ಇನ್ನೂ ಹಳೆಯದು ಬೇಕಾ? 1953ರಲ್ಲಿ ಜೆರೆಮಿ ಮಾರಿಸ್ ಅನ್ನೋ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರುಗಳನ್ನು ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಹೊಗೆ. ಡ್ರೈವರ್ ದಿನವೆಲ್ಲಾ ಕೂತಿರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡೋಕೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ ಇತ್ತು, ಬಂದರೂ ಅಷ್ಟು ಜೋರಾಗಿರಲಿಲ್ಲ. ಅವರು ಯಾರೂ ವ್ಯಾಯಾಮ ಮಾಡಬೇಕು ಅಂತ ಹತ್ತಿದವರಲ್ಲ, ಕೆಲಸ ಹತ್ತಿಸಿತು.

ಪ್ರಶ್ನೆ: ನಾನು ವೀಲ್‌ಚೇರಿನಲ್ಲಿ ಓಡಾಡುವವಳು. ‘ಮೆಟ್ಟಿಲು ಹತ್ತಿ, ಆರೋಗ್ಯ ಗಳಿಸಿ’ ಅಂತ ಬರೆದ ಗೋಡೆ ನೋಡಿದಾಗೆಲ್ಲಾ ನನ್ನನ್ನೇ ಅಣಕಿಸಿದ ಹಾಗಾಗುತ್ತೆ. ಇದನ್ನು ಯಾರಾದರೂ ಯೋಚಿಸುತ್ತಾರಾ?

ಉತ್ತರ: ಕಡಿಮೆ ಜನ ಯೋಚಿಸುತ್ತಾರೆ, ನಿಮ್ಮ ಸಿಟ್ಟು ಸರಿಯಾಗಿದೆ. ಕಚೇರಿ ಕಟ್ಟಡಕ್ಕೆ ಬರೆದ ಘೋಷಣೆಯನ್ನು ಹಾಗೇ ತಂದು ಆಸ್ಪತ್ರೆಗೆ ಅಂಟಿಸಿದರೆ ಹೀಗಾಗುತ್ತೆ. ಆಸ್ಪತ್ರೆಗೆ ಬರುವವರಲ್ಲಿ ಮಂಡಿ ಸವೆದವರು, ಉಸಿರು ಸಾಲದವರು, ಬಸುರಿಯರು, ಹೊಲಿಗೆ ಹಾಕಿಸಿಕೊಂಡವರು ಎಲ್ಲರೂ ಇರುತ್ತಾರೆ. ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ಮೈತೂಕದ ಮೂರು ಪಟ್ಟು ಒತ್ತಡ ಬೀಳುತ್ತೆ, ಅವರಿಗೆ ಕ್ಯಾಲೊರಿ ಲೆಕ್ಕದ ಫಲಕ ತೋರಿಸಿ ಏನು ಉಪಯೋಗ? ನನ್ನ ಕೇಳಿದರೆ ಆಸ್ಪತ್ರೆಯ ಗೋಡೆ ಮೇಲೆ ಉಪದೇಶದ ಸಾಲುಗಳೇ ಬೇಡ.

ಮೈ ಆಡಿಸೋದು ಅಂದರೆ ಕಾಲು ಮಾತ್ರ ಅಲ್ವಲ್ಲ. ರಾಯಲ್ ಲಂಡನ್ ಆಸ್ಪತ್ರೆಯ ಮಕ್ಕಳ ಆಟದ ಜಾಗಕ್ಕೆ ಕ್ರಿಸ್ ಓಶೇ ಅನ್ನೋ ಕಲಾವಿದ ‘ವುಡ್‌ಲ್ಯಾಂಡ್ ವಿಗಲ್’ ಅಂತ ಒಂದು ಮಾಡಿದ್ದಾರೆ. ದೈತ್ಯ ಟಿವಿಯಂಥ ಪರದೆ, ಅದರ ಮುಂದೆ ಮಗು ಅಲುಗಾಡಿದ ಹಾಗೆ ಪರದೆಯೊಳಗಿನ ಕಾಡಿನಲ್ಲಿ ಬಣ್ಣ ಮೂಡುತ್ತೆ, ಸಂಗೀತ ಬರುತ್ತೆ. ಮುಟ್ಟೋದು ಬೇಡ, ಅಲುಗಾಡಿದರೆ ಸಾಕು. ಇಂಥ ಕಡೆ ಕೂತವರ ಕೈಗೂ ಅಷ್ಟೇ ಬೆಲೆ ಸಿಗುವ ಹಾಗೆ ಮಾಡಬಹುದು. ಕಾರಿಡಾರಿನಲ್ಲಿ ಚಕ್ರದ ವೇಗಕ್ಕೆ ಬೆಳಕು ಬದಲಾಗೋದು, ತೋಳು ಚಾಚಿದರೆ ತಿರುಗುವ ಬಿಲ್ಲೆ, ಇವೆಲ್ಲ ಕಷ್ಟದ ಕೆಲಸ ಅಲ್ಲ. ಯೋಜನೆ ಮಾಡುವ ಮೇಜಿನ ಸುತ್ತ ನಿಮ್ಮಂಥವರೊಬ್ಬರು ಇರಬೇಕು ಅಷ್ಟೇ.

ಪ್ರಶ್ನೆ: ಆಸ್ಪತ್ರೆಯಲ್ಲಿ ಸೋಂಕು ತಡೆ ವಿಭಾಗದಲ್ಲಿದ್ದೇನೆ. ಕಲಾವಿದರು ಬಟ್ಟೆ, ಹಗ್ಗ, ಮರದ ತುಂಡು ಅಂತ ತಂದು ನಿಲ್ಲಿಸುತ್ತಾರೆ. ನಾನು ಬೇಡ ಅಂದರೆ ರಸಿಕತೆ ಇಲ್ಲ ಅನ್ನುತ್ತಾರೆ.

ಉತ್ತರ: ಬೇಡ ಅನ್ನುತ್ತಲೇ ಇರಿ. ಒರೆಸೋಕೆ ಬರದ್ದು, ಸಂದಿಯಲ್ಲಿ ಧೂಳು ಕೂರುವಂಥದ್ದು, ನೂರು ಕೈ ಮುಟ್ಟುವಂಥದ್ದು ವಾರ್ಡಿನ ಹತ್ತಿರ ಬರಬಾರದು. ಮಾನಸಿಕ ಆರೋಗ್ಯದ ವಾರ್ಡಾದರೆ ನೇತುಬೀಳುವ ಯಾವ ವಸ್ತುವೂ ಬೇಡ. ಜೊತೆಗೆ ಅಗ್ನಿಶಾಮಕದವರನ್ನೂ ಕರೆಯಿರಿ. ಬೆಂಕಿ ಬಿದ್ದಾಗ ಜನ ಇಳಿಯುವ ಮೆಟ್ಟಿಲಿನಲ್ಲಿ ಉರಿಯುವ ಸಾಮಾನು, ದಾರಿಗೆ ಅಡ್ಡ ಬರುವ ಆಕೃತಿ ಇಡುವ ಹಾಗಿಲ್ಲ. ಮೆಟ್ಟಿಲು ಕಾಣಲಿ ಅಂತ ಬೆಂಕಿ ತಡೆಯುವ ಬಾಗಿಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸೋದು ಇನ್ನೂ ತಪ್ಪು. ಅಲಾರಂ ಹೊಡೆದ ಕೂಡಲೇ ತಾನೇ ಮುಚ್ಚಿಕೊಳ್ಳುವ ಆಯಸ್ಕಾಂತದ ಹಿಡಿಕೆ ಸಿಗುತ್ತೆ, ಅದನ್ನು ಹಾಕಿಸಿ.

ಪ್ರಶ್ನೆ: ಕಲಾ ಶಾಲೆ ಮುಗಿಸಿ ಎರಡು ವರ್ಷ ಆಯ್ತು. ಒಂದು ಆಸ್ಪತ್ರೆಯವರು ನಡೆಯುವ ದಾರಿಗೆ ಕೆಲಸ ಮಾಡಿಕೊಡಿ ಅಂತ ಕರೆದಿದ್ದಾರೆ. ಏನು ಗಮನಿಸಲಿ?

ಉತ್ತರ: ಬಣ್ಣದ ಡಬ್ಬಿ ತೆಗೆಯುವ ಮುಂಚೆ ಆ ದಾರಿಯಲ್ಲಿ ಒಂದಿಡೀ ದಿನ ಕೂತಿರಿ. ಬೆಳಗಿನ ರೌಂಡ್ಸು, ಊಟದ ಗಾಡಿ, ಭೇಟಿಯ ಹೊತ್ತು, ರಾತ್ರಿ ಪಾಳಿ. ಯಾರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಗೋಡೆ ಹಿಡಿಯುತ್ತಾರೆ ಅಂತ ನೋಡಿ. ಗೋಡೆ ಹಿಡಿಯುವ ಕಡೆ ಮೊದಲು ಕಂಬಿ ಬೇಕು, ಚಿತ್ರ ಆಮೇಲೆ. ಆಮೇಲೆ ಒಮ್ಮೆ ವೀಲ್‌ಚೇರಿನಲ್ಲಿ ಕೂತು, ಒಮ್ಮೆ ಟ್ರಾಲಿ ಮೇಲೆ ಮಲಗಿ ಅದೇ ದಾರಿಯಲ್ಲಿ ಹೋಗಿ. ಮಲಗಿದವರಿಗೆ ಕಾಣೋದು ಚಾವಣಿ ಮಾತ್ರ. ಫಿನ್ಲೆಂಡಿನ ಪೈಮಿಯೋ ಕ್ಷಯರೋಗ ಆಸ್ಪತ್ರೆ ಕಟ್ಟುವಾಗ, 1933ರಲ್ಲಿ ಮುಗಿದದ್ದು, ವಾಸ್ತುಶಿಲ್ಪಿ ಅಲ್ವರ್ ಆಲ್ಟೊ ರೋಗಿಗಳ ಕೋಣೆಯ ಚಾವಣಿಗೆ ತಣ್ಣನೆಯ ಹಸಿರು ಹೊಡೆಸಿದರು, ದೀಪ ಕಣ್ಣಿಗೆ ಚುಚ್ಚದ ಜಾಗ ಹುಡುಕಿ ಕೂರಿಸಿದರು. ಮೆಟ್ಟಿಲಿಗೆ ಮಾತ್ರ ಬಿಸಿಲಿನಂಥ ಹಳದಿ. ಮಲಗುವ ಕಡೆ ತಂಪು, ನಡೆಯುವ ಕಡೆ ಬಿಸಿಲು! ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಒಂದೇ ದೊಡ್ಡ ಚಿತ್ರ ಬಿಡಿಸಬೇಡಿ. ನಿಂತಲ್ಲೇ ನೋಡಿ ಮುಗಿಸುತ್ತಾರೆ. ತುಂಡು ತುಂಡು ಮಾಡಿ ದಾರಿಯುದ್ದಕ್ಕೂ ಹಂಚಿ, ತಿರುವಿನ ಆಚೆ ಅರ್ಧ ಕಾಣುವ ಹಾಗೆ ಇಡಿ. ಎರಡು ತುಂಡುಗಳ ನಡುವೆ ಕೂರೋಕೆ ಜಾಗ ಇರಲಿ. ಮೆಟ್ಟಿಲಾದರೆ ಪ್ರತಿ ಮೆಟ್ಟಿಲಿನ ಅಂಚು ಎದ್ದು ಕಾಣಲೇಬೇಕು, ನಿಮ್ಮ ಚಿತ್ರ ಆ ಅಂಚನ್ನು ನುಂಗಬಾರದು. ವರ್ಷಕ್ಕೊಮ್ಮೆ ಬದಲಾಯಿಸೋಕೆ ಆಗುವ ಹಾಗಿದ್ದರೆ ಇನ್ನೂ ಒಳ್ಳೆಯದು, ಸಿಬ್ಬಂದಿಗೆ ಬೇಜಾರಾಗಲ್ಲ.

ದೀಪ, ಸೆನ್ಸರ್ ಹಾಕುವ ಮಾತು ಬಂದರೆ ಕೆಟ್ಟಾಗ ರಿಪೇರಿ ಯಾರದ್ದು, ಐದನೇ ವರ್ಷದ ಖರ್ಚು ಯಾವ ಲೆಕ್ಕದಿಂದ, ಅಂತ ಕೇಳಿ. ಅರ್ಧ ಹಾಡಿ ಅರ್ಧ ಸುಮ್ಮನಿರುವ ಮೆಟ್ಟಿಲಿಗಿಂತ ಸಿಮೆಂಟ್ ಮೆಟ್ಟಿಲೇ ವಾಸಿ. ಉತ್ತರವನ್ನು ಒಪ್ಪಂದದಲ್ಲಿ ಬರೆದು ಕೊಡದಿದ್ದರೆ ಸೆನ್ಸರ್ ತಂಟೆಗೆ ಹೋಗಬೇಡಿ, ಒರೆಸಿದರೆ ಹೋಗದ ಒಳ್ಳೆಯ ಬಣ್ಣ ತಗೊಂಡು ಕೆಲಸ ಶುರು ಮಾಡಿ.